ಒಂದು ಕವಡೆಯಿಂದ ಹದಿನೆಂಟು ಲಕ್ಷ ದಿನಗಳವರೆಗೆ

ಸ್ಪ್ಯಾನಿಷ್ ಭಾಷೆಯ ಮೊದಲ ತರಗತಿಗೆ ನಾನು ಪುಸ್ತಕ ಒಯ್ಯುವುದಿಲ್ಲ. ಒಂದು ಬಟ್ಟಲು ರಾಜ್ಮಾ ಕಾಳು, ಒಂದು ಬೆಂಕಿಪೊಟ್ಟಣ, ಒಂದು ಹಿಡಿ ಕವಡೆ ಒಯ್ಯುತ್ತೇನೆ. ಮಕ್ಕಳು ಮೇಜಿನ ಸುತ್ತ ಕೂತ ಮೇಲೆ ಒಂದೊಂದೇ ಕಾಳು ಇಡುತ್ತಾ ಎಣಿಸುತ್ತೇವೆ: ಉನೊ, ದೋಸ್, ತ್ರೆಸ್, ಕ್ವಾತ್ರೊ. ಐದಕ್ಕೆ ಬಂದು 'ಸಿಂಕೊ' ಎಂದೊಡನೆ ಕಾಳುಗಳನ್ನೆಲ್ಲ ತೆಗೆದು ಒಂದು ಕಡ್ಡಿಯನ್ನು ಅಡ್ಡ ಮಲಗಿಸುತ್ತೇನೆ. ಆರಕ್ಕೆ ಕಡ್ಡಿಯ ಮೇಲೊಂದು ಕಾಳು. ಹತ್ತಕ್ಕೆ ಎರಡು ಕಡ್ಡಿ. ಹತ್ತೊಂಬತ್ತಕ್ಕೆ ಮೂರು ಕಡ್ಡಿ, ನಾಲ್ಕು ಕಾಳು. ಇಪ್ಪತ್ತು ಬಂದಾಗ, ಅಂದರೆ ಸ್ಪ್ಯಾನಿಷ್‌ನ 'ಬೇಯಿಂತೆ'ಗೆ, ಮೇಜಿನ ಮೇಲಿದ್ದುದನ್ನೆಲ್ಲ ಬಳಿದು ತೆಗೆದು ಒಂದು ಕವಡೆ ಇಡುತ್ತೇನೆ. ಅದರ ಮೇಲ್ಗಡೆ ಒಂದೇ ಒಂದು ಕಾಳು.

"ಒಂದು ಕಾಳು ಇಪ್ಪತ್ತು ಹೇಗಾಯ್ತು ಮೇಡಂ?" ಪ್ರತಿ ತಂಡದಲ್ಲೂ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. ನಾನು ಆ ಪ್ರಶ್ನೆಗೇ ಕಾದಿರುತ್ತೇನೆ. ಹತ್ತು ಬರೆಯುವಾಗ ನಾವು ಒಂದರ ಪಕ್ಕ ಸೊನ್ನೆ ಇಡುತ್ತೇವಲ್ಲ, ಆ ಒಂದು ಹತ್ತಾಗುವುದು ಹೇಗೆ? ಕೂತ ಜಾಗದ ಬಲದಿಂದ. ನಮ್ಮ ಅಂಕಿಯ ಬೆಲೆ ಬಲದಿಂದ ಎಡಕ್ಕೆ ಹೋದಂತೆ ಹತ್ತು ಹತ್ತು ಪಟ್ಟು ಏರುತ್ತದೆ. ಮಧ್ಯ ಅಮೆರಿಕದ ಮಾಯಾ ಜನರ ಅಂಕಿಯ ಬೆಲೆ ಕೆಳಗಿನಿಂದ ಮೇಲಕ್ಕೆ ಹೋದಂತೆ ಇಪ್ಪತ್ತು ಇಪ್ಪತ್ತು ಪಟ್ಟು ಏರುತ್ತದೆ. ನಾನು ಕವಡೆ ಇಟ್ಟ ಜಾಗದಲ್ಲಿ ಅವರು ಚಿಪ್ಪಿನ ಚಿತ್ರ ಬರೆಯುತ್ತಿದ್ದರು. ಅದು ಅವರ ಸೊನ್ನೆ.

ಆಮೇಲೆ ಮಕ್ಕಳನ್ನು ತಡೆಯಲಾಗುವುದಿಲ್ಲ. ಕಾಳನ್ನು ಮೂರನೆಯ ಮೆಟ್ಟಿಲಿಗೆ ಏರಿಸಿದರೆ 400, ನಾಲ್ಕನೆಯದಕ್ಕೆ 8,000, ಐದನೆಯದಕ್ಕೆ 1,60,000. ಆರನೆಯ ಮೆಟ್ಟಿಲು ಹತ್ತಿದ ಅದೇ ಕಾಳಿನ ಬೆಲೆ 32 ಲಕ್ಷ. ಚುಕ್ಕಿ, ಗೆರೆ, ಚಿಪ್ಪು ಎಂಬ ಮೂರೇ ಗುರುತುಗಳಲ್ಲಿ ಎಷ್ಟು ದೊಡ್ಡ ಸಂಖ್ಯೆಯನ್ನಾದರೂ ಬರೆಯಬಹುದು. ನಮಗೆ ಅದಕ್ಕೆ ಹತ್ತು ಗುರುತು ಬೇಕು.

ಮೆಕ್ಸಿಕೊದ ಚಿಯಾಪಾಸ್ ಸೀಮೆಯ ಚಿಯಾಪಾ ದೆ ಕೋರ್ಸೊ ಎಂಬಲ್ಲಿ ಒಂದು ಒಡೆದ ಕಲ್ಲು ಸಿಕ್ಕಿದೆ. ಈ ಸ್ಥಾನಬೆಲೆಯ ಕ್ರಮದಲ್ಲೇ ಅದರ ಮೇಲೆ ಕೆತ್ತಿದ ದಿನಾಂಕ ಕ್ರಿ.ಪೂ. 36ಕ್ಕೆ ಸಲ್ಲುತ್ತದೆ. ಅತ್ತ ಯುರೋಪಿನಲ್ಲಿ, ನಮ್ಮ ದೇಶದಲ್ಲಿ ಹುಟ್ಟಿ ಅರಬ್ಬರ ಮೂಲಕ ಸಾಗಿದ ಅಂಕಿಗಳು ಮೊದಲು ಕಾಣಿಸಿಕೊಂಡದ್ದು ಸ್ಪೇನ್‌ನಲ್ಲೇ ಬರೆದ ಒಂದು ಹಸ್ತಪ್ರತಿಯಲ್ಲಿ. ವರ್ಷ 976. ಅದರಲ್ಲಿ ಒಂದರಿಂದ ಒಂಬತ್ತರವರೆಗೆ ಅಂಕಿಗಳಿವೆ, ಸೊನ್ನೆ ಇಲ್ಲ. ಸೊನ್ನೆಯ ವಿಚಾರವನ್ನು ಮಾಯಾ ಸೀಮೆಯವರೂ ಭಾರತದವರೂ ಒಬ್ಬರಿಗೊಬ್ಬರು ಗೊತ್ತಿಲ್ಲದೆ ಕಂಡುಕೊಂಡಿದ್ದರು. ನಡುವೆ ಇದ್ದ ಸ್ಪೇನ್ ಅದನ್ನು ಬೇರೆಯವರಿಂದ ಕಲಿಯಬೇಕಾಯಿತು.

ಎಣಿಸುವ ಹೆಸರುಗಳು ಸ್ಪೇನ್‌ನವು, ಎಣಿಸುವ ವಿಧಾನ ಸ್ಪೇನ್‌ನ ಹಡಗು ಬರುವ ಮೊದಲೇ ಅಲ್ಲಿದ್ದವರದು. ಎರಡನ್ನೂ ಒಂದೇ ಮೇಜಿನ ಮೇಲೆ, ಒಂದೇ ಗಂಟೆಯಲ್ಲಿ ಕಲಿಸಬೇಕು ಎಂಬುದು ನನ್ನ ಹಟ. ಪಠ್ಯಪುಸ್ತಕಗಳು ಕೊಲಂಬಸ್ಸನಿಗಿಂತ ಮೊದಲಿನ ಅಮೆರಿಕವನ್ನು ಮಾಯಾ, ಅಸ್ಟೆಕ್, ಇನ್ಕಾ ಎಂದು ಮೂರು ಹೆಸರು ಹೇಳಿ ಮುಗಿಸುತ್ತವೆ. ಭಾಷೆಯ ಪುಸ್ತಕಗಳು ಅಷ್ಟನ್ನೂ ಹೇಳುವುದಿಲ್ಲ. ಆ ನೆಲದ ಅಳತೆ ಮಕ್ಕಳಿಗೆ ತಟ್ಟಬೇಕಾದರೆ ಸಂಖ್ಯೆಗಿಂತ ಹತ್ತಿರದ ದಾರಿ ಇಲ್ಲ.

ಹುಟ್ಟುಹಬ್ಬದ ಲೆಕ್ಕ

ದಿನ ಎಣಿಸುವಾಗ ಮಾಯಾ ಜನ ಒಂದು ಮೆಟ್ಟಿಲನ್ನು ಮಾತ್ರ ಬದಲಿಸಿಕೊಂಡರು. 20 ದಿನಕ್ಕೆ ಒಂದು 'ವಿನಾಲ್'. 18 ವಿನಾಲ್ ಸೇರಿದರೆ ಒಂದು 'ತುನ್', ಅಂದರೆ 360 ದಿನ. 20 ತುನ್‌ಗೆ ಒಂದು 'ಕಾತುನ್', 7,200 ದಿನ. 20 ಕಾತುನ್‌ಗೆ ಒಂದು 'ಬಾಕ್ತುನ್', 1,44,000 ದಿನ. ಈ ಎಣಿಕೆ ನಮ್ಮ ಕ್ಯಾಲೆಂಡರಿನ ಪ್ರಕಾರ ಕ್ರಿ.ಪೂ. 3114ರ ಆಗಸ್ಟ್ 11ರಿಂದ ಶುರುವಾಗುತ್ತದೆ ಎಂಬುದು ಹೆಚ್ಚಿನ ವಿದ್ವಾಂಸರು ಒಪ್ಪಿದ ಲೆಕ್ಕ. ಅಲ್ಲಿಂದ 13 ಬಾಕ್ತುನ್, ಅಂದರೆ 18,72,000 ದಿನ ತುಂಬಿದ್ದು 2012ರ ಡಿಸೆಂಬರ್ 21ರಂದು. ಅಂದು ಪ್ರಳಯವಾಗುತ್ತದೆ ಎಂದು ಟಿವಿಗಳು ಹೆದರಿಸಿದ್ದು ಅನೇಕರಿಗೆ ನೆನಪಿರಬಹುದು. ಮುಗಿದದ್ದು ಎಣಿಕೆಯ ಒಂದು ಸುತ್ತು ಮಾತ್ರ. ಮರುದಿನ ಎಣಿಕೆ ಮುಂದುವರಿಯಿತು. ನನ್ನನ್ನು ಬೆರಗುಗೊಳಿಸುವುದು ಬೇರೆಯೇ: ಹದಿನೆಂಟು ಲಕ್ಷಕ್ಕೂ ಮಿಕ್ಕಿದ ದಿನಗಳನ್ನು ಒಂದೂ ತಪ್ಪದಂತೆ ಪೋಣಿಸಬಲ್ಲ ಲೆಕ್ಕವನ್ನು ಆ ಜನ ಕಲ್ಲಿನ ಮೇಲೆ ಕೆತ್ತಿಟ್ಟರು.

ಇದು ದೊಡ್ಡವರ ಲೆಕ್ಕ ಎಂದು ಮಕ್ಕಳು ದೂರ ಸರಿಯದಂತೆ ಅವರವರ ವಯಸ್ಸನ್ನೇ ಹಿಡಿಸುತ್ತೇನೆ. ಒಬ್ಬಳಿಗೆ ಅಂದಿಗೆ ಸರಿಯಾಗಿ ಹದಿಮೂರು ತುಂಬಿದೆ ಎನ್ನಿ. ಅಧಿಕ ವರ್ಷಗಳ ದಿನ ಸೇರಿಸಿದರೆ ಅವಳು ಬದುಕಿರುವುದು 4,748 ದಿನ. ಅದರಲ್ಲಿ 13 ತುನ್‌ಗೆ 4,680 ದಿನ ಹೋದವು. ಉಳಿದ 68ರಲ್ಲಿ 3 ವಿನಾಲ್, 8 ದಿನ. ಅಂದರೆ ಕೆಳಗೆ ಒಂದು ಕಡ್ಡಿ ಮೂರು ಕಾಳು, ಅದರ ಮೇಲೆ ಬರೀ ಮೂರು ಕಾಳು, ಅದರ ಮೇಲೆ ಎರಡು ಕಡ್ಡಿ ಮೂರು ಕಾಳು. ಕಾತುನ್‌ನ ಜಾಗದಲ್ಲಿ ಕವಡೆ, ಏಕೆಂದರೆ 7,200 ದಿನ ತುಂಬಲು ಅವಳಿಗೆ ಇನ್ನೂ ಆರೂಮುಕ್ಕಾಲು ವರ್ಷ ಬೇಕು. ಮೇಜಿನ ಮೇಲೆ ತನ್ನ ಇಡೀ ಬದುಕನ್ನು ನಾಲ್ಕು ಸಾಲಿನಲ್ಲಿ ಕಂಡ ಮಗುವಿನ ಮುಖವನ್ನು ನೋಡಬೇಕು. ಆಮೇಲೆ ಅದನ್ನೇ ಸ್ಪ್ಯಾನಿಷ್‌ನಲ್ಲಿ ಹೇಳಿಸುತ್ತೇನೆ: "ತೆಂಗೊ ತ್ರೆಸೆ ಆನ್ಯೋಸ್." ನನಗೆ ಹದಿಮೂರು ವರ್ಷ.

ಮಾಯಾ ಜನರ ಪಂಚಾಂಗದಲ್ಲಿ ಇನ್ನೂ ಎರಡು ಗಾಲಿಗಳಿದ್ದವು. ಒಂದರಲ್ಲಿ 260 ದಿನ, ಇನ್ನೊಂದರಲ್ಲಿ 365. ಎರಡೂ ಒಟ್ಟಿಗೆ ತಿರುಗುತ್ತಾ ಮತ್ತೆ ಶುರುವಿನ ಜಾಗಕ್ಕೆ ಬರಲು 18,980 ದಿನ ಬೇಕು, ಅಂದರೆ 52 ವರ್ಷ. ಶುಕ್ರಗ್ರಹ ಒಂದು ಸುತ್ತು ಮುಗಿಸಿ ಮತ್ತೆ ಬೆಳ್ಳಿಚುಕ್ಕಿಯಾಗಿ ಮೂಡಲು 584 ದಿನ ಎಂದು ಅವರು ಹಿಡಿದಿದ್ದರು. ಇಂದಿನ ಅಳತೆ 583.92. ದುರ್ಬೀನು ಇಲ್ಲದೆ, ಬರಿಗಣ್ಣಿನಿಂದ, ತಲೆಮಾರುಗಳ ಕಾಲ ಮುಂಜಾನೆಯ ಆಕಾಶ ನೋಡಿ ಬರೆದಿಟ್ಟ ಲೆಕ್ಕ ಅದು. ಶುಕ್ರನ ಐದು ಸುತ್ತು, ನಮ್ಮ ಎಂಟು ವರ್ಷ ಎರಡೂ 2,920 ದಿನಕ್ಕೆ ಸರಿಹೊಂದುತ್ತವೆ ಎಂಬುದನ್ನೂ ಅವರು ಬಲ್ಲವರಾಗಿದ್ದರು. ಇಂದು ಜರ್ಮನಿಯ ಡ್ರೆಸ್ಡೆನ್ ನಗರದಲ್ಲಿರುವ ಮಾಯಾ ಹೊತ್ತಗೆಯಲ್ಲಿ ಈ ಕೋಷ್ಟಕವಿದೆ.

ಇಂಥ ಹೊತ್ತಗೆಗಳು ಈಗ ಲೋಕದಲ್ಲಿ ಎಷ್ಟು ಉಳಿದಿವೆ ಎಂದು ಮಕ್ಕಳನ್ನು ಊಹಿಸಲು ಹೇಳುತ್ತೇನೆ. ಸಾವಿರ ಎನ್ನುತ್ತಾರೆ, ನೂರು ಎನ್ನುತ್ತಾರೆ. ಉತ್ತರ ನಾಲ್ಕು. 1562ರ ಜುಲೈ 12ರಂದು ಯುಕತಾನ್‌ನ ಮನಿ ಎಂಬ ಊರಿನಲ್ಲಿ ದಿಯೆಗೊ ದೆ ಲಾಂದಾ ಎಂಬ ಪಾದ್ರಿ ಮಾಯಾ ಪುಸ್ತಕಗಳನ್ನು ರಾಶಿ ಹಾಕಿ ಸುಡಿಸಿದ. ಮುಂದೆ ಆತನೇ ಬರೆದಿಟ್ಟ ವರದಿಯಲ್ಲಿ ಮಾಯಾ ಅಕ್ಷರಗಳ ಒಂದು ಪಟ್ಟಿ ಇತ್ತು. ಸುಮಾರು ನಾಲ್ಕು ಶತಮಾನಗಳ ನಂತರ, 1952ರಲ್ಲಿ, ಸೋವಿಯತ್ ವಿದ್ವಾಂಸ ಯೂರಿ ಕ್ನೊರೊಜೊವ್ ಅದೇ ಪಟ್ಟಿಯನ್ನು ಹಿಡಿದು ಆ ಲಿಪಿಯ ಬೀಗ ತೆರೆದ.

ಕಾಡು ಮುಚ್ಚಿದ್ದನ್ನು ಬೆಳಕಿನ ಕಿರಣ ತೆರೆದ ಕತೆ ಇನ್ನೂ ಇತ್ತೀಚಿನದು. ವಿಮಾನದಿಂದ ಲೇಸರ್ ಕಿರಣ ಬಿಟ್ಟು ಗ್ವಾಟೆಮಾಲಾದ ಪೆತೆನ್ ಕಾಡಿನ 2,100 ಚದರ ಕಿಲೋಮೀಟರ್ ನೆಲವನ್ನು ಅಳೆದ ಫಲಿತಾಂಶ 2018ರಲ್ಲಿ ಹೊರಬಿತ್ತು. ಮರಗಳ ಅಡಿಯಲ್ಲಿ 60,000ಕ್ಕೂ ಹೆಚ್ಚು ಕಟ್ಟಡಗಳ ಗುರುತು ಇದ್ದವು. ಮನೆ, ಕೋಟೆ, ಎತ್ತರಿಸಿದ ರಸ್ತೆ, ಕಾಲುವೆ, ಮೆಟ್ಟಿಲು ಹೊಲ, ಎಲ್ಲವೂ. ಅಲ್ಲೊಂದು ಇಲ್ಲೊಂದು ಗುಡಿ ಇರುವ ನಿರ್ಜನ ಕಾಡು ಎಂದುಕೊಂಡಿದ್ದ ನೆಲ ಒಂದು ಕಾಲಕ್ಕೆ ಮನೆಗೆ ಮನೆ ತಾಗಿದ ನಾಡಾಗಿತ್ತು.

ಎರಡು ಚೀಲ, ಹದಿನಾರು ಸಾವಿರ ಚೆಂಡು

ಮೆಕ್ಸಿಕೊದ ಅಸ್ಟೆಕ್ ಜನರ ಭಾಷೆ ನಾವಾಟ್ಲ್. ಅವರೂ ಇಪ್ಪತ್ತರಲ್ಲೇ ಎಣಿಸುವವರು. ಇಪ್ಪತ್ತನ್ನು ಬಾವುಟದ ಚಿತ್ರದಿಂದ, ನಾನೂರನ್ನು ಗರಿಯಿಂದ, ಎಂಟು ಸಾವಿರವನ್ನು ಚೀಲದಿಂದ ತೋರಿಸುತ್ತಿದ್ದರು. 1540ರ ದಶಕದ ಆಸುಪಾಸಿನಲ್ಲಿ ಬರೆದ, ಈಗ ಆಕ್ಸ್‌ಫರ್ಡ್‌ನಲ್ಲಿರುವ ಮೆಂಡೋಸಾ ಹೊತ್ತಗೆಯಲ್ಲಿ ಯಾವ ಪ್ರಾಂತ್ಯ ಎಷ್ಟು ಕಪ್ಪ ಕೊಡಬೇಕು ಎಂಬ ಪಟ್ಟಿಗಳಿವೆ. ಒಂದು ಪುಟದಲ್ಲಿ ಎರಡು ದುಂಡನೆಯ ವಸ್ತುಗಳ ಚಿತ್ರ, ಒಂದೊಂದರ ಮೇಲೂ ಒಂದೊಂದು ಪುಟ್ಟ ಚೀಲ. ಪುಟ ತೋರಿಸಿ ಇದು ಏನು ಎಂದು ಕೇಳಿದರೆ ಮಕ್ಕಳು "ದೋಸ್" ಎನ್ನುತ್ತಾರೆ. ಸರಿಯುತ್ತರ 16,000. ಅಷ್ಟು ರಬ್ಬರ್ ಚೆಂಡುಗಳು ತೊಚ್ತೆಪೆಕ್ ಪ್ರಾಂತ್ಯದಿಂದ ರಾಜಧಾನಿಗೆ ಬರಬೇಕಿತ್ತು. ರಬ್ಬರ್ ಏನೆಂಬುದೇ ಯುರೋಪಿಗೆ ಗೊತ್ತಿಲ್ಲದ ಕಾಲದಲ್ಲಿ ಅಲ್ಲಿ ಅದರ ಚೆಂಡಿನ ಆಟ ಸಾವಿರಾರು ವರ್ಷ ಹಳೆಯದಾಗಿತ್ತು.

ಇನ್ನೊಂದು ಪುಟ ಸೊಕೊನುಸ್ಕೊ ಸೀಮೆಯದು. ಅಲ್ಲಿಂದ ಬರಬೇಕಾದ ಕೋಕೋ ಬೀಜ 200 ಹೊರೆ. ಒಂದು ಹೊರೆಗೆ ಮೂರು ಚೀಲ, ಅಂದರೆ 24,000 ಬೀಜ. ಒಟ್ಟು 48 ಲಕ್ಷ ಬೀಜ. ಅದನ್ನು ಹೊರಲು ಕುದುರೆ ಇರಲಿಲ್ಲ, ಎತ್ತು ಇರಲಿಲ್ಲ, ಬಂಡಿ ಇರಲಿಲ್ಲ. ಹಣೆಗೆ ಪಟ್ಟಿ ಕಟ್ಟಿಕೊಂಡು ಬೆನ್ನ ಮೇಲೆ ಹೊತ್ತ ಕೂಲಿಗಳು ನೂರಾರು ಕಿಲೋಮೀಟರ್ ನಡೆದು ತಂದರು. ಕೋಕೋ ಬೀಜ ಬರೀ ತಿನಿಸಲ್ಲ, ಚಿಲ್ಲರೆ ಹಣವೂ ಹೌದು. ತ್ಲಾಸ್ಕಾಲಾದಲ್ಲಿ 1545ರಲ್ಲಿ ನಾವಾಟ್ಲ್ ಭಾಷೆಯಲ್ಲಿ ಬರೆದ ದರಪಟ್ಟಿಯೊಂದು ಉಳಿದಿದೆ. ಒಂದು ಒಳ್ಳೆಯ ಹೆಣ್ಣು ಟರ್ಕಿ ಕೋಳಿಗೆ 100 ಬೀಜ, ಆಗಷ್ಟೇ ಕಿತ್ತ ಬೆಣ್ಣೆಹಣ್ಣಿಗೆ 3, ದೊಡ್ಡ ಟೊಮೆಟೊಗೆ 1. ಆ ದರದಲ್ಲಿ ಸೊಕೊನುಸ್ಕೊದ ಕಪ್ಪಕ್ಕೆ 48,000 ಕೋಳಿ ಬರುತ್ತಿತ್ತು.

ಈ ದರಪಟ್ಟಿ ನನ್ನ ತರಗತಿಯ ಅತ್ಯಂತ ಗದ್ದಲದ ಪಾಠ. ರಾಜ್ಮಾ ಕಾಳುಗಳೇ ಕೋಕೋ ಬೀಜಗಳಾಗುತ್ತವೆ. ಅರ್ಧ ಮಕ್ಕಳು ವ್ಯಾಪಾರಿಗಳು, ಅರ್ಧ ಮಕ್ಕಳು ಗಿರಾಕಿಗಳು. "ಕ್ವಾಂತೊ ಕ್ವೆಸ್ತಾ?" ಎಷ್ಟು? "ತ್ರೆಸ್ ಕಕಾಓಸ್." ಮೂರು ಬೀಜ. ಚೌಕಾಸಿ ಮಾಡಲು ಮಾತ್ರ ನಮ್ಮ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅರ್ಧ ಗಂಟೆಯಲ್ಲಿ ಒಂದರಿಂದ ನೂರರವರೆಗೆ ಸ್ಪ್ಯಾನಿಷ್ ಸಂಖ್ಯೆಗಳು ಬಾಯಿಗೆ ಬಂದಿರುತ್ತವೆ.

ಗದ್ದಲ ಜೋರಾದಾಗ ಒಂದು ಮಾತು ಹೇಳುತ್ತೇನೆ: ಇಲ್ಲಿ ಇಪ್ಪತ್ತು ಜನರ ಸಂತೆ ಇದೆ. ಅಸ್ಟೆಕ್ ರಾಜಧಾನಿಯ ತ್ಲಾತೆಲೋಲ್ಕೊ ಸಂತೆಯಲ್ಲಿ ದಿನವೂ 60,000 ಜನ ಕೊಂಡು ಮಾರುತ್ತಾರೆ ಎಂದು 1520ರಲ್ಲಿ ಸ್ಪೇನ್‌ನ ದಂಡನಾಯಕ ಹೆರ್ನಾನ್ ಕೊರ್ತೆಸ್ ತನ್ನ ದೊರೆಗೆ ಬರೆದ. 1519ರ ನವೆಂಬರ್ 8ರಂದು ಅವನ ಪಡೆ ಕಾಲಿಟ್ಟ ರಾಜಧಾನಿ ತೆನೊಚ್ತಿತ್ಲಾನ್ ಕೆರೆಯ ನಡುವೆ ಎದ್ದ ಊರು. ಜನಸಂಖ್ಯೆ ಸುಮಾರು ಎರಡು ಲಕ್ಷ ಇತ್ತೆಂದು ಅನೇಕ ಇತಿಹಾಸಕಾರರ ಅಂದಾಜು. ಅಂದಿನ ಸ್ಪೇನ್‌ನಲ್ಲಿ ಅಷ್ಟು ದೊಡ್ಡ ಊರು ಒಂದೂ ಇರಲಿಲ್ಲ. ಉಪ್ಪುನೀರು ಸಿಹಿನೀರಿಗೆ ಬೆರೆಯದಂತೆ, ನೆರೆ ನುಗ್ಗದಂತೆ ಕೆರೆಗೆ ಅಡ್ಡಲಾಗಿ ಕಟ್ಟಿದ ಒಡ್ಡಿನ ಉದ್ದ ಸುಮಾರು 16 ಕಿಲೋಮೀಟರ್. ಅದನ್ನು ರೂಪಿಸಿದವನು ತೆಸ್ಕೊಕೊದ ದೊರೆ, ಕವಿ ನೆಸಾವಾಲ್ಕೊಯೊತ್ಲ್.

ಗಾತ್ರದ ಮಾತು ಬಂದರೆ ಎಲ್ಲರ ಬಾಯಲ್ಲೂ ಈಜಿಪ್ಟಿನ ಪಿರಮಿಡ್. ಗೀಜಾದ ಮಹಾ ಪಿರಮಿಡ್ಡಿನ ಘನಗಾತ್ರ ಸುಮಾರು 25 ಲಕ್ಷ ಘನ ಮೀಟರ್. ಮೆಕ್ಸಿಕೊದ ಚೊಲೂಲಾ ಪಿರಮಿಡ್ಡಿನದು ಸುಮಾರು 44.5 ಲಕ್ಷ. ಗಾತ್ರದಲ್ಲಿ ಲೋಕದ ಅತಿ ದೊಡ್ಡ ಪಿರಮಿಡ್ ಇದೇ. ದೂರದಿಂದ ನೋಡಿದರೆ ಹುಲ್ಲು ಬೆಳೆದ ಗುಡ್ಡ, ತುದಿಯಲ್ಲಿ ಸ್ಪೇನ್‌ನವರು ಕಟ್ಟಿದ ಚರ್ಚು. ಒಳಗೇನಿದೆ ಎಂದು ನೋಡಲು ಪುರಾತತ್ವ ತಜ್ಞರು ಕೊರೆದ ಸುರಂಗಗಳ ಉದ್ದವೇ ಸುಮಾರು 8 ಕಿಲೋಮೀಟರ್.

ಇಪ್ಪತ್ತರ ಮಾತು ಮುಗಿಸುವ ಮೊದಲು ಒಂದು ಹೂವು. ಆಯುಧಪೂಜೆಗೆ ನಾವು ಬಸ್ಸು, ಲಾರಿ, ಹೊಲಿಗೆ ಯಂತ್ರಗಳಿಗೆ ಏರಿಸುವ ಚೆಂಡುಹೂವಿನ ತವರು ಮೆಕ್ಸಿಕೊ. ಅಲ್ಲಿ ಅದನ್ನು 'ಸೆಂಪಸೂಚಿಲ್' ಎನ್ನುತ್ತಾರೆ. ನಾವಾಟ್ಲ್‌ನಲ್ಲಿ 'ಸೆಂಪೊವಾಲಿ' ಎಂದರೆ ಇಪ್ಪತ್ತು, 'ಶೋಚಿತ್ಲ್' ಎಂದರೆ ಹೂ. ಇಪ್ಪತ್ತರ ಹೂ. ನವೆಂಬರ್ ಮೊದಲೆರಡು ದಿನ ಅಲ್ಲಿನವರು ತೀರಿಹೋದ ಹಿರಿಯರು ಮನೆಗೆ ಬರುವರೆಂದು ನಂಬಿ ಆ ಹೂವಿನ ಎಸಳಿನಿಂದ ದಾರಿ ಹಾಸುತ್ತಾರೆ. ಅದೇ ದಿನಗಳ ಆಸುಪಾಸಿನಲ್ಲಿ ಇಲ್ಲಿ ದೀಪಾವಳಿಯ ಬಾಗಿಲಿಗೆ ಅದೇ ಹೂವಿನ ತೋರಣ.

ಗಂಟಿನಲ್ಲಿ 1492

ಮೆಕ್ಸಿಕೊ ನಗರದಿಂದ ಪೆರುವಿನ ಕುಸ್ಕೊಗೆ ನೇರ ಗೆರೆ ಎಳೆದರೆ ಸುಮಾರು 4,700 ಕಿಲೋಮೀಟರ್. ಮಾಯಾ, ಅಸ್ಟೆಕ್, ಇನ್ಕಾ ಎಂದು ಒಂದೇ ಉಸಿರಿನಲ್ಲಿ ಹೇಳುವಾಗ ಈ ದೂರ ಮರೆಯಾಗುತ್ತದೆ. ಕಾಲದ ದೂರವೂ ಅಷ್ಟೇ. ಪೆರುವಿನ ಕರಾವಳಿಯ ಕರಾಲ್ ಎಂಬಲ್ಲಿ ಕ್ರಿ.ಪೂ. 2600ರ ಹೊತ್ತಿಗೆ ಕಲ್ಲಿನ ಮೆಟ್ಟಿಲು ದಿಬ್ಬಗಳ ಊರು ಎದ್ದಿತ್ತು. ಅದು ನಮ್ಮ ಹರಪ್ಪ, ಈಜಿಪ್ಟಿನ ಪಿರಮಿಡ್ಡುಗಳ ಸಮಕಾಲೀನ. ಇನ್ಕಾ ಸಾಮ್ರಾಜ್ಯ ಹರಡಲು ತೊಡಗಿದ್ದು 1438ರ ಸುಮಾರಿಗೆ, ಸ್ಪೇನ್‌ನವರ ಕೈಗೆ ಸಿಕ್ಕಿದ್ದು 1532ರಲ್ಲಿ. ಕರಾಲ್‌ನಿಂದ ಅಲ್ಲಿಯವರೆಗಿನ ನಾಲ್ಕು ಸಾವಿರ ವರ್ಷವನ್ನು ನೂರು ಪುಟದ ಪುಸ್ತಕವಾಗಿ ಬರೆದರೆ ಇನ್ಕಾಗಳ ಪಾಲಿಗೆ ಬರುವುದು ಕೊನೆಯ ಎರಡು ಪುಟ, ಮೇಲೊಂದಿಷ್ಟು ಸಾಲು. ನಮ್ಮ ಪಠ್ಯಗಳು ಆ ಎರಡು ಪುಟವನ್ನೇ ಇಡೀ ಪುಸ್ತಕ ಎಂದು ಓದಿಸುತ್ತವೆ.

ಆ ಎರಡು ಪುಟಗಳಲ್ಲೂ ತಲೆ ತಿರುಗಿಸುವಷ್ಟು ಇದೆ. ಲಿಪಿ ಇಲ್ಲ, ಕಬ್ಬಿಣ ಇಲ್ಲ, ಬಂಡಿ ಇಲ್ಲ. ಆದರೂ ಆಂಡೀಸ್ ಬೆಟ್ಟಸಾಲಿನ ಉದ್ದಕ್ಕೂ 30,000 ಕಿಲೋಮೀಟರಿಗೂ ಮಿಕ್ಕಿದ ರಸ್ತೆ ಜಾಲ. ಇಂದಿನ ಕೊಲಂಬಿಯಾ, ಎಕ್ವಡಾರ್, ಪೆರು, ಬೊಲಿವಿಯಾ, ಚಿಲಿ, ಅರ್ಜೆಂಟಿನಾ ಎಂಬ ಆರು ದೇಶಗಳಲ್ಲಿ ಅದು ಹಾದುಹೋಗುತ್ತದೆ. 2014ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಒಬ್ಬನಿಂದ ಒಬ್ಬನಿಗೆ ಸುದ್ದಿ ದಾಟಿಸುತ್ತಾ ಓಡುವ 'ಚಸ್ಕಿ' ಓಟಗಾರರು ದಿನಕ್ಕೆ ಸುಮಾರು 240 ಕಿಲೋಮೀಟರ್ ಸುದ್ದಿ ಮುಟ್ಟಿಸುತ್ತಿದ್ದರು. ದಾರಿಗೆ ಕಣಿವೆ ಅಡ್ಡ ಬಂದರೆ ಹುಲ್ಲಿನ ಹಗ್ಗದ ಸೇತುವೆ. ಅಂಥದೊಂದು ಈಗಲೂ ಇದೆ. ಅಪೂರಿಮಾಕ್ ನದಿಯ ಮೇಲಿನ ಕೆಸ್ವಾಚಾಕಾ ಸೇತುವೆಯನ್ನು ಪ್ರತಿ ವರ್ಷ ಸುತ್ತಲಿನ ನಾಲ್ಕು ಊರಿನ ಕೆಚುವಾ ಜನ ಹುಲ್ಲು ಹೊಸೆದು ಹೊಸದಾಗಿ ಕಟ್ಟುತ್ತಾರೆ. ಕೊರೊನಾ ಕಾಲದಲ್ಲಿ ನವೀಕರಣ ತಪ್ಪಿ 2021ರಲ್ಲಿ ಅದು ಕಳಚಿ ಬಿತ್ತು. ಅದೇ ವರ್ಷ ಅವರು ಮತ್ತೆ ಕಟ್ಟಿದರು.

ಲಿಪಿ ಇಲ್ಲದ ರಾಜ್ಯದ ಲೆಕ್ಕಪತ್ರ ನೂಲಿನಲ್ಲಿತ್ತು. ಒಂದು ದಪ್ಪ ದಾರ, ಅದರಿಂದ ಇಳಿಬಿಟ್ಟ ಬಣ್ಣಬಣ್ಣದ ಎಳೆಗಳು, ಎಳೆಗಳಲ್ಲಿ ಗಂಟುಗಳು. ಹೆಸರು 'ಕೀಪು'. ಇದರ ಅಂಕಿ ಕ್ರಮವನ್ನು 1912ರಲ್ಲಿ ಲೆಲಂಡ್ ಲಾಕ್ ಎಂಬ ಅಮೆರಿಕದ ವಿದ್ವಾಂಸ ಬಿಡಿಸಿ ತೋರಿಸಿದ. ಇನ್ಕಾಗಳದು ನಮ್ಮಂತೆಯೇ ಹತ್ತರ ಲೆಕ್ಕ. ತರಗತಿಯಲ್ಲಿ ಗಟ್ಟಿ ಹತ್ತಿ ದಾರ ಕೊಟ್ಟು 1492 ಕಟ್ಟಿಸುತ್ತೇನೆ. ಮೇಲ್ಗಡೆ ಸಾವಿರದ ಜಾಗದಲ್ಲಿ ಒಂದು ಗಂಟು. ಸ್ವಲ್ಪ ಬಿಟ್ಟು ನೂರರ ಜಾಗದಲ್ಲಿ ನಾಲ್ಕು. ಇನ್ನೂ ಕೆಳಗೆ ಹತ್ತರ ಜಾಗದಲ್ಲಿ ಒಂಬತ್ತು. ತುದಿಯಲ್ಲಿ, ಬಿಡಿಯ ಜಾಗದಲ್ಲಿ, ಎರಡು ಸುತ್ತು ಹಾಕಿದ ಒಂದು ಉದ್ದ ಗಂಟು. ಬಿಡಿಯ ಗಂಟಿನ ರೂಪ ಬೇರೆ ಇರುವುದರಿಂದ ಸಂಖ್ಯೆ ಎಲ್ಲಿ ಮುಗಿಯಿತೆಂದು ಕತ್ತಲಲ್ಲಿ ಬೆರಳಾಡಿಸಿದರೂ ತಿಳಿಯುತ್ತದೆ. ಸೊನ್ನೆ ಬೇಕಾದಲ್ಲಿ ಜಾಗ ಖಾಲಿ. ಕಣ್ಣು ಮುಚ್ಚಿ ಬೆರಳಿನಿಂದ ಓದುತ್ತಾ ಮಕ್ಕಳು ಹೇಳುತ್ತಾರೆ: "ಮಿಲ್ ಕ್ವಾತ್ರೊಸಿಯೆಂತೋಸ್ ನೊವೆಂತಾ ಇ ದೋಸ್."

ಹತ್ತು ಕಾಳಿನಲ್ಲಿ ಒಂಬತ್ತು

1492 ಎಂಬ ಗಂಟನ್ನು ಬೆರಳಿನಿಂದ ಮುಟ್ಟಿದ ಮೇಲೆ ಮುಂದಿನದನ್ನು ಹೇಳದೆ ಇರಲಾಗದು. ಆ ವರ್ಷ ಆಗಸ್ಟ್ 3ರಂದು ಕೊಲಂಬಸ್ಸನ ಹಡಗುಗಳು ಸ್ಪೇನ್ ಬಿಟ್ಟವು. ಹದಿನೈದೇ ದಿನಕ್ಕೆ, ಆಗಸ್ಟ್ 18ರಂದು, ಸಾಲಮಾಂಕಾದಲ್ಲಿ ಆಂತೋನಿಯೊ ದೆ ನೆಬ್ರಿಹಾನ ಸ್ಪ್ಯಾನಿಷ್ ವ್ಯಾಕರಣ ಅಚ್ಚಾಗಿ ಹೊರಬಂತು. ಹಡಗೂ ವ್ಯಾಕರಣವೂ ಒಂದೇ ತಿಂಗಳ ಮಕ್ಕಳು.

ಕೊಲಂಬಸ್ ಬರುವ ಹೊತ್ತಿಗೆ ಎರಡೂ ಅಮೆರಿಕಗಳಲ್ಲಿ ಸುಮಾರು 6 ಕೋಟಿ ಜನರಿದ್ದರು, ಮುಂದಿನ ನೂರು ವರ್ಷದಲ್ಲಿ ಅವರಲ್ಲಿ ಶೇಕಡ 90ರಷ್ಟು ಇಲ್ಲವಾದರು ಎಂದು 2019ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು ಲೆಕ್ಕ ಹಾಕಿದ್ದಾರೆ. ಅಂದಾಜುಗಳು ಹಲವು, ಆದರೆ ಹೆಚ್ಚಿನವು ಕೋಟಿಗಳಲ್ಲೇ ಇವೆ. ಸಿಡುಬು, ದಡಾರ ಮೊದಲಾದ ರೋಗಗಳನ್ನು ಆ ಜನರ ಮೈ ಎಂದೂ ಕಂಡಿರಲಿಲ್ಲ. ಯುದ್ಧ, ಗುಲಾಮಗಿರಿ, ಹಸಿವು ರೋಗದ ಜೊತೆ ಸೇರಿದವು.

ಈ ಪಾಠಕ್ಕೆ ನಾನು ಮಾತು ಹೆಚ್ಚು ಬಳಸುವುದಿಲ್ಲ. ಪ್ರತಿ ಮಗುವಿನ ಮುಂದೆ ಹತ್ತು ಕಾಳು ಇಡುತ್ತೇನೆ. ಸ್ಪ್ಯಾನಿಷ್‌ನಲ್ಲಿ ಎಣಿಸುತ್ತಾ ಒಂದೊಂದಾಗಿ ಎತ್ತಲು ಹೇಳುತ್ತೇನೆ. ಉನೊ, ದೋಸ್, ತ್ರೆಸ್. 'ನುವೆವೆ'ಗೆ ಬಂದು ನಿಲ್ಲಿಸುತ್ತೇನೆ. ಮೇಜಿನ ಮೇಲೆ ಒಂದೇ ಕಾಳು. ಸಂತೆಯ ದಿನ ಕೂಗಾಡಿದ ಅದೇ ಮಕ್ಕಳು ಆಗ ಸುಮ್ಮನಾಗುತ್ತಾರೆ.

ಪೆರುವಿನ ಕಹಮಾರ್ಕಾದಲ್ಲಿ 1532ರ ನವೆಂಬರ್ 16ರಂದು ಸ್ಪೇನ್‌ನ ಫ್ರಾನ್ಸಿಸ್ಕೊ ಪಿಸಾರೊ ಇನ್ಕಾ ದೊರೆ ಅತಾವಾಲ್ಪಾನನ್ನು ಸೆರೆಹಿಡಿದಾಗ ಪಿಸಾರೊನ ಜೊತೆ ಇದ್ದವರು 168 ಜನ. ಬಿಡುಗಡೆಗೆ ದೊರೆ ಒಂದು ಕೋಣೆ ತುಂಬ ಚಿನ್ನ, ಎರಡು ಪಟ್ಟು ಬೆಳ್ಳಿ ಕೊಡುತ್ತೇನೆಂದ. ಕೊಟ್ಟ. ಕರಗಿಸಿ ತೂಗಿದಾಗ ಚಿನ್ನವೇ ಸುಮಾರು ಆರು ಟನ್. ಮರುವರ್ಷ ಅವನನ್ನು ಕೊಂದರು. ಕರಗಿದ್ದು ಬರೀ ಲೋಹವಲ್ಲ, ತಲೆಮಾರುಗಳ ಅಕ್ಕಸಾಲಿಗರ ಕೈಕೆಲಸ. ಅದನ್ನು ತೂಗಲು ತಕ್ಕಡಿ ಇಲ್ಲ.

ನನಗೆ ಇಷ್ಟ

ಹಾಗಿದ್ದರೆ ಈ ಭಾಷೆಯನ್ನು ಏಕೆ ಕಲಿಯಬೇಕು ಎಂದು ಒಬ್ಬ ಹುಡುಗಿ ಒಮ್ಮೆ ಕೇಳಿದಳು. ನ್ಯಾಯವಾದ ಪ್ರಶ್ನೆ. ನಾನು ಮತ್ತೆ ಹತ್ತು ಕಾಳು ಇಟ್ಟೆ. ಇಂದು ಸ್ಪ್ಯಾನಿಷ್ ತಾಯ್ನುಡಿಯಾಗಿರುವವರು ಸುಮಾರು 50 ಕೋಟಿ. ಸ್ಪೇನ್‌ನ ಜನಸಂಖ್ಯೆ 5 ಕೋಟಿಯೊಳಗೆ. ಹತ್ತರಲ್ಲಿ ಒಂಬತ್ತು ಕಾಳು ಸ್ಪೇನ್‌ನ ಹೊರಗಿವೆ, ಬಹುಪಾಲು ಆ ಅಮೆರಿಕದ ನೆಲದಲ್ಲೇ. ಈ ಭಾಷೆ ಗೆದ್ದವರದಾಗಿ ಬಂತು, ಈಗ ಸೋತವರ ಮೊಮ್ಮಕ್ಕಳ ಬಾಯಲ್ಲಿದೆ. ಅವರ ಜೊತೆ ಮಾತಾಡಲು ಇದು ಬೇಕು.

ಕನ್ನಡದ ಮಕ್ಕಳಿಗೆ ಇದು ಕಷ್ಟವೂ ಅಲ್ಲ. ಅ, ಎ, ಇ, ಒ, ಉ ಎಂಬ ಐದು ಸ್ವರ ಸಾಕು. ತ, ದ ನಮ್ಮವೇ. ದ್ವಿ, ತ್ರಿ, ಸಪ್ತ, ಅಷ್ಟ, ನವ, ದಶ ಗೊತ್ತಿರುವವರಿಗೆ ದೋಸ್, ತ್ರೆಸ್, ಸಿಯೆತೆ, ಓಚೊ, ನುವೆವೆ, ದಿಯೆಸ್ ದೂರದ ನೆಂಟರು. ನಾವು ಅಪರೂಪಕ್ಕೆ ಬರೆಯುವ 'ಞ' ಅಲ್ಲಿ ದಿನಬಳಕೆಯ ಅಕ್ಷರ. 'ಮಞಾನಾ' ಎಂದರೆ ನಾಳೆ. ದೊಡ್ಡವರಿಗೆ 'ಉಸ್ತೆದ್', ಸಲಿಗೆಗೆ 'ತು', ನಮ್ಮ ನೀವು, ನೀನು ಇದ್ದಂತೆ. 'ಆಬ್ಲೊ' ಎಂದರೆ 'ಮಾತಾಡುತ್ತೇನೆ'. 'ನಾನು' ಎಂದು ಬೇರೆ ಹೇಳಬೇಕಿಲ್ಲ, ಕ್ರಿಯಾಪದದ ಬಾಲದಲ್ಲೇ ಅದು ಕೂತಿದೆ. 'ಮೆ ಗುಸ್ತಾ' ಎಂದರೆ 'ನನಗೆ ಇಷ್ಟ', ಪದಕ್ಕೆ ಪದ.

ಹೀಗಾಗಿ ನನ್ನ ಮಕ್ಕಳು ಕಟ್ಟುವ ಮೊದಲ ಪೂರ್ತಿ ವಾಕ್ಯ "ಮೆ ಗುಸ್ತಾ ಎಲ್ ಚೊಕೊಲಾತೆ." ನನಗೆ ಚಾಕೊಲೇಟ್ ಇಷ್ಟ. ಆ ವಾಕ್ಯದ ಕೊನೆಯ ಪದ ಸ್ಪೇನ್‌ನದಲ್ಲ, ನಾವಾಟ್ಲ್ ಮೂಲದ್ದು. ಟೊಮೆಟೊ ಅವರ 'ತೊಮಾತ್ಲ್'. ಸ್ಪ್ಯಾನಿಷ್‌ನಲ್ಲಿ ಆಲೂಗಡ್ಡೆಗೆ ಹೇಳುವ 'ಪಾಪಾ' ಕೆಚುವಾ ಪದ. ನಮ್ಮ ಕರಾವಳಿಯ 'ಬಟಾಟೆ' ಕೆರಿಬಿಯನ್ ದ್ವೀಪದ ತಾಯಿನೊ ಜನರ 'ಬತಾತಾ', ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ಅಲ್ಲಿನ ಖಾರದ ಕಾಯಿಗೆ ಸ್ಪೇನ್‌ನವರು ಕರಿಮೆಣಸಿನ 'ಪಿಮಿಯೆಂತಾ'ದಿಂದ 'ಪಿಮಿಯೆಂತೊ' ಎಂಬ ಹೆಸರು ಮಾಡಿದರು. ನಾವೂ ಮೆಣಸಿನಿಂದಲೇ ಮೆಣಸಿನಕಾಯಿ ಮಾಡಿದೆವು. ಮೆಕ್ಕೆಜೋಳ, ಕಡಲೆಕಾಯಿ, ಪಪ್ಪಾಯಿ, ಸೀಬೆ, ಅನಾನಸ್, ಗೋಡಂಬಿ, ಸೂರ್ಯಕಾಂತಿ, ಎಲ್ಲದರ ತವರೂ ಆ ಕಡೆಯೇ. ಎಣಿಸಲು ನಾನು ಒಯ್ಯುವ ರಾಜ್ಮಾ ಕಾಳನ್ನೂ ಮೊದಲು ಬೆಳೆದವರು ಅವರೇ. ಆಂಡೀಸ್‌ನ ರೈತರು ಉಳಿಸಿಕೊಂಡು ಬಂದ ಆಲೂಗಡ್ಡೆಯ ತಳಿಗಳೇ 4,000ಕ್ಕೂ ಹೆಚ್ಚು.

ಆದ್ದರಿಂದ ಶಿಕ್ಷಕರಲ್ಲಿ, ಪಾಲಕರಲ್ಲಿ ನನ್ನದೊಂದು ಕೋರಿಕೆ. ಸ್ಪ್ಯಾನಿಷ್ ಕಲಿಸುವವರು ಮೊದಲ ಇಪ್ಪತ್ತು ಅಂಕಿಗಳ ಜೊತೆ ಚುಕ್ಕಿ, ಗೆರೆ, ಚಿಪ್ಪನ್ನೂ ಕಲಿಸಿ. ಇತಿಹಾಸ ಕಲಿಸುವವರು 'ಅಳಿದುಹೋದ ನಾಗರಿಕತೆಗಳು' ಎಂಬ ತಲೆಬರಹವನ್ನು ಹೊಡೆದುಹಾಕಿ. ಮೇಜಿನ ಮೇಲೆ ಉಳಿದ ಆ ಒಂದು ಕಾಳು ಸತ್ತಿಲ್ಲ. ಮೆಕ್ಸಿಕೊ ಸರ್ಕಾರ ತನ್ನ ನೆಲದ 68 ಮೂಲನಿವಾಸಿ ಭಾಷೆಗಳನ್ನು, ಅವುಗಳ 364 ಪ್ರಭೇದಗಳನ್ನು ಗುರುತಿಸಿದೆ. ಗ್ವಾಟೆಮಾಲಾದಲ್ಲಿ 22 ಮಾಯಾ ಭಾಷೆಗಳಿವೆ. ಬೊಲಿವಿಯಾದ 2009ರ ಸಂವಿಧಾನ ಸ್ಪ್ಯಾನಿಷ್ ಜೊತೆಗೆ 36 ಮೂಲನಿವಾಸಿ ಭಾಷೆಗಳಿಗೆ ಅಧಿಕೃತ ಸ್ಥಾನ ಕೊಟ್ಟಿದೆ. 2020ರ ಜನಗಣತಿಯ ಪ್ರಕಾರ ಮೆಕ್ಸಿಕೊ ಒಂದರಲ್ಲೇ, ಕೊಲಂಬಸ್ ಬರುವ ಮೊದಲಿನಿಂದ ಆ ನೆಲದಲ್ಲಿದ್ದ ಭಾಷೆಗಳನ್ನು ಆಡುವವರು 73 ಲಕ್ಷ ಜನ.